ಪಿಂಗಾಣಿಯ ಪ್ರಾಣಿಗಳು, ಕೊಪ್ಪಳದ ನಂಟು

ಕಾರಟಗಿ, ಗಂಗಾವತಿ, ಕೊಪ್ಪಳದ ಕಡೆಯಿಂದ ಹೈದರಾಬಾದಿಗೆ ಹೋದವರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ನೋಡದೆ ಬರುವುದು ಅಪರೂಪ. ಗಂಟೆ ಬಾರಿಸುವ ಗಡಿಯಾರ, ಮುಸುಕು ಹೊದ್ದ ರೆಬೆಕ್ಕಾ ಪ್ರತಿಮೆ ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಅದೇ ಸಂಗ್ರಹದಲ್ಲಿರುವ ಚೀನಾದ ಪಿಂಗಾಣಿಗೂ ಈ ನೆಲಕ್ಕೂ ಹಳೆಯ ನಂಟಿದೆಯೆಂಬುದು ಮಾತ್ರ ಹಲವರಿಗೆ ತಿಳಿಯದು. ಕೊಪ್ಪಳ ಒಂದು ಕಾಲಕ್ಕೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು.

ಚೀನಾದ ಪಿಂಗಾಣಿ ಈ ಸೀಮೆಗೆ ಅದಕ್ಕೂ ಮೊದಲೇ ಬಂದಿತ್ತು. ಆನೆಗುಂದಿಯ ಆಚೆ ದಡದ ಹಂಪಿಯ ಉತ್ಖನನಗಳಲ್ಲಿ ಅದರ ಚೂರುಗಳು ದೊರೆತಿವೆ. ಸಮುದ್ರ ದಾಟಿ, ಘಟ್ಟ ಹತ್ತಿ ಬಂದ ಈ ಪಾತ್ರೆಗಳು ಸಿರಿವಂತರ ಮನೆ ಸೇರುತ್ತಿದ್ದವು.

ಪಾತ್ರೆಗಳ ಜೊತೆಗೆ ಚೀನಾದ ಕುಶಲಿಗಳು ಪ್ರಾಣಿಗಳ ಗೊಂಬೆಗಳನ್ನೂ ಮಾಡಿದರು. ಫುಜಿಯಾನ್ ಪ್ರಾಂತದ ದೆಹುವಾ ಊರಿನ ಹಾಲುಬಿಳುಪಿನ ಗೊಂಬೆಗಳು 17 ಮತ್ತು 18ನೆಯ ಶತಮಾನಗಳಲ್ಲಿ ಯೂರೋಪಿನಲ್ಲಿ ಹೆಸರಾಗಿದ್ದವು. ಅಚ್ಚಿನಲ್ಲಿ ಬಿಡಿ ಭಾಗಗಳನ್ನು ಒತ್ತಿ, ತೆಳು ಮಣ್ಣಿನ ರಾಡಿಯಿಂದ ಬೆಸೆದು, ಒಳಗೆ ಟೊಳ್ಳು ಬಿಟ್ಟು ಸುಡುತ್ತಿದ್ದರು. ಗಾಳಿಗೆ ರಂಧ್ರ ಇಡಲು ಮರೆತರೆ ಗೊಂಬೆ ಆವಿಗೆಯಲ್ಲೇ ಸಿಡಿಯುವ ಭಯ.

ಈ ಪ್ರಾಣಿಗಳ ಅರ್ಥ ಬಹುಮಟ್ಟಿಗೆ ಶ್ಲೇಷೆಯಲ್ಲಿದೆ. ಚೀನೀ ಭಾಷೆಯಲ್ಲಿ ಮೀನು ‘ಯು’; ಸಮೃದ್ಧಿ ಎಂಬ ಪದದ ಉಚ್ಚಾರವೂ ಅದೇ. ಜಿಂಕೆ ‘ಲು’, ಅಧಿಕಾರಿಯ ಸಂಬಳವೂ ‘ಲು’. ನಮ್ಮಲ್ಲಿ ಅಪಶಕುನವೆನಿಸುವ ಬಾವಲಿ ಅಲ್ಲಿ ‘ಫು’, ಅಂದರೆ ಭಾಗ್ಯ. ಐದು ಬಾವಲಿಗಳು ಸೇರಿದರೆ ಪಂಚಭಾಗ್ಯ! ಬೆನ್ನ ಮೇಲೆ ಹೂದಾನಿ ಹೊತ್ತ ಆನೆ ನಾಡಿನ ಶಾಂತಿಗೆ ಶುಭಸೂಚನೆ. ಕಲಶ ಹಿಡಿದ ಆನೆಗಳ ನಡುವೆ ಕುಳಿತ ಗಜಲಕ್ಷ್ಮಿಯನ್ನು ಗುಡಿಯ ಬಾಗಿಲವಾಡದಲ್ಲಿ ಕಂಡವರಿಗೆ ಇದು ಹೊಸತೆನಿಸದು.

ಸಿಂಹದ ಕಥೆ ಇನ್ನೂ ಸ್ವಾರಸ್ಯಕರ. ಚೀನಾದ ಕಾಡುಗಳಲ್ಲಿ ಸಿಂಹವಿರಲಿಲ್ಲ. ಪಶ್ಚಿಮದ ರಾಜರ ಕಾಣಿಕೆಯಾಗಿ ಕೆಲವು ಬಂದವು. ಭಾರತದಿಂದ ಹೋದ ಬೌದ್ಧಧರ್ಮ ಅದಕ್ಕೆ ಕಾವಲುಗಾರನ ಸ್ಥಾನ ಕೊಟ್ಟಿತು. ಕಾಣದ ಮೃಗವನ್ನು ಕಲ್ಪಿಸಿಕೊಂಡ ಕುಶಲಿಗಳು ಅದಕ್ಕೆ ಗುಂಗುರು ಕೇಸರ, ದುಂಡು ಕಣ್ಣು ಇಟ್ಟರು. ಯೂರೋಪಿಯನ್ನರು ಅದನ್ನು ನಾಯಿಯೆಂದೇ ಕರೆದರು. ಜೋಡಿಯಲ್ಲಿ ಗಂಡಿನ ಕಾಲಡಿ ಚೆಂಡು, ಹೆಣ್ಣಿನ ಕಾಲಡಿ ಮರಿ. ಹಂಪಿಯ ಕಂಬಗಳ ಯಾಳಿಯೂ ಇಂಥದೇ ಕಲ್ಪನೆಯ ಮೃಗ.

ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಮದುವೆಯಾಗದೆ, ಆಯುಷ್ಯವನ್ನೂ ಆದಾಯವನ್ನೂ ಇಂಥ ಸಂಗ್ರಹಕ್ಕೆ ಸುರಿದರು. 1949ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳು ರದ್ದಾದವು. 1951ರ ಡಿಸೆಂಬರ್ 16ರಂದು ನೆಹರೂ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು.

ಜಹಗೀರುದಾರನ ಆದಾಯವೆಂದರೆ ರೈತ ಕಟ್ಟಿದ ಕಂದಾಯ. ಅದೇ ಜಹಗೀರಿನ ಸೀಮೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಪ್ರಾಣಿಗಳನ್ನು ಕೆತ್ತಿ, ಹುಣಸೆಬೀಜದ ಸರಿಯಿಂದ ಅಂಟಿಸಿ ಬಣ್ಣ ಬಳಿಯುತ್ತ ಬಂದಿದ್ದಾರೆ. ದೂರದೇಶದ ಪಿಂಗಾಣಿಗೆ ಗಾಜಿನ ಕಪಾಟು ದೊರೆಯಿತು; ಅದರ ಬೆಲೆಯಲ್ಲಿ ಕೊಪ್ಪಳದ ಎರೆಹೊಲಗಳ ಬೆವರಿಗೂ ಪಾಲಿದೆ. ಮುಂದಿನ ಬಾರಿ ಹೈದರಾಬಾದಿಗೆ ಹೋದವರು ಆ ಕಪಾಟುಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.