ಗಂಟಿಲ್ಲದ ಗವಂತಿ

ಮಾಚೇನಹಳ್ಳಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಊರು. ನಾನು ಸೊಸೆಯಾಗಿ ಬಂದ ಮನೆಯಲ್ಲಿ ಮಾತೂ ಎರಡು ಬಗೆಯದಾಗಿತ್ತು. ಅತ್ತೆ ಧಾರವಾಡದ ಕಡೆಯವರು. ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದ ಮೇಲೆ ಇತ್ತ ಬಂದವರು. ಅತ್ತೆಯ ಟ್ರಂಕಿನಲ್ಲಿ ಇಳಕಲ್ಲ ಸೀರೆಯೊಂದಿತ್ತು. ಸೆರಗಿನ ಹತ್ತಿರ ಕಸೂತಿಯ ಗೋಪುರ ಅರ್ಧಕ್ಕೇ ನಿಂತಿತ್ತು. ಕಣ್ಣಿಗೆ ಪೊರೆ ಬಂದು ಅವರಿಗೆ ಎಳೆ ಎಣಿಸಲಾಗುತ್ತಿರಲಿಲ್ಲ. "ನೀ ಮುಗಸ್ತಿಯೇನವಾ?" ಎಂದರು.

ಶಾಲೆಯಲ್ಲಿ ಸರಪಳಿ ಹೊಲಿಗೆ ಕಲಿತಿದ್ದ ನಾನು ಇದೇನು ಮಹಾ ಎಂದುಕೊಂಡೆ. ಅಭ್ಯಾಸಕ್ಕೆಂದು ಮ್ಯಾಟಿ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗೋಪುರ ಬರೆದೆ, ದಾರಕ್ಕೆ ಗಂಟು ಹಾಕಿದೆ. ಅತ್ತೆ ಬಟ್ಟೆ ತಿರುವಿ ಬೆರಳಾಡಿಸಿದರು. "ಗಂಟು ಕೈಗೆ ಹತ್ತತೈತಿ, ಬಿಚ್ಚು." ಕಸೂತಿಗೆ ನಕ್ಷೆ ಬರೆಯುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು.

ಗೆರೆಯಂತೆ ಸಾಗುವ ಗವಂತಿ, ಮೆಟ್ಟಿಲಿನಂಥ ಮುರ್ಗಿ, ನೇಯ್ದಂತೆ ಕಾಣುವ ನೇಗಿ, ಮೆಂತ್ಯದ ಕಾಳು ನೆನಪಿಸುವ ಮೆಂತಿ, ಹೀಗೆ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡು ಬದಿಗೂ ಒಂದೇ ಸಮ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟಿದ್ದನ್ನು ತುಂಬಬೇಕು. ನಾನು ಗೋಪುರದ ನಡುಗೆರೆಯನ್ನು ಪೂರ್ತಿ ಮುಗಿಸಿ, ಕವಲುಗಳನ್ನು ಕೊನೆಗಿಟ್ಟುಕೊಂಡೆ. ಆಗ ಅಲ್ಲಿಗೆ ಹೋಗಲು ದಾರಿಯೇ ಇಲ್ಲ! ಹಿಂದಿನಿಂದ ದಾರ ಹಾರಿಸಿದೆ. ಅದೂ ಅತ್ತೆಯ ಬೆರಳಿಗೆ ಸಿಕ್ಕಿತು. ಮೂರು ಸಲ ಬಿಚ್ಚಿದ ಮೇಲೆ ತಿಳಿಯಿತು: ಕವಲು ಬಂದಲ್ಲೇ ಹೊರಳಿ, ಅದನ್ನು ಹೋಗಿ ಬಂದು ಮುಗಿಸಿ, ಮತ್ತೆ ನಡುಗೆರೆ ಹಿಡಿಯಬೇಕು.

ಗವಂತಿಯಂಥ ಹೊಲಿಗೆ ಯುರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ 1543ರಲ್ಲಿ ತೀರಿಕೊಂಡ ಚಿತ್ರಕಾರ ಹೋಲ್ಬೈನನ ಹೆಸರು. ಅವನು ಹೊಲಿದವನಲ್ಲ; ಅವನು ಬರೆದ ಚಿತ್ರಗಳಲ್ಲಿ ದೊಡ್ಡ ಮನುಷ್ಯರ ತೋಳಿನ ಅಂಚಿಗೆ ಈ ಹೊಲಿಗೆ ಕಾಣುತ್ತದೆ, ಅಷ್ಟೆ. ಹೊಲಿದವಳು ಯಾರೋ! ಮಾವನ ಕಾರ್ಖಾನೆ ಕಬ್ಬಿಣ ತಯಾರಿಸತೊಡಗಿದ್ದು 1923ರಲ್ಲಿ ಎಂದು ಪುಸ್ತಕಗಳಲ್ಲಿ ಸಿಗುತ್ತದೆ. ಅತ್ತೆಗೆ ಗವಂತಿ ಕಲಿಸಿದ ಅಜ್ಜಿಗೆ, ಆ ಅಜ್ಜಿಗೆ ಕಲಿಸಿದವಳಿಗೆ ಯಾವ ಇಸವಿಯೂ ಇಲ್ಲ.

ಸೀರೆಯ ಗೋಪುರ ಮುಗಿದ ದಿನ ಅತ್ತೆ ಮುಂಬದಿ ಮುಟ್ಟಲೇ ಇಲ್ಲ. ಸೆರಗು ಮಗುಚಿ ಹಿಂಬದಿಯ ಮೇಲೆ ಮೆಲ್ಲಗೆ ಬೆರಳು ನಡೆಸಿದರು. ತಾವು ನಿಲ್ಲಿಸಿದ ಜಾಗ ಅವರಿಗೆ ತಿಳಿಯಲಿಲ್ಲ. ತುದಿಯ ಒಂದು ಕವಲಿನಲ್ಲಿ ಮಾತ್ರ ಬೆರಳು ನಿಂತಿತು.

"ಇಲ್ಲೊಂದು ದಾರ ಹಾರೇತಿ."

"ಬಿಚ್ಚಲಾ ಅತ್ತೆ?" ಎಂದೆ.

"ಬ್ಯಾಡ, ಇರಲಿ ಬಿಡವಾ. ನೀ ಹಾಕಿದ್ದಂತ ಗೊತ್ತಾಗ್ತೈತಿ."