ಪಿಜಿ ಖಾಲಿಯಾಯಿತು, ಓದು ಊರಿಗೆ ಬಂತು

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದ. ಬಸ್ಸಿಗೆ ಕಾಸಿರಲಿಲ್ಲ. ಎರಡು ದಿನದ ನಡಿಗೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಆ ಹುಡುಗನೇ ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ. ಅಷ್ಟು ದೊಡ್ಡ ಹುದ್ದೆ ಕಂಡರೂ ಅವರು ಬಾಳಿದ್ದು ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಕೋಣೆಯಲ್ಲಿ.

ನಮ್ಮ ಹಳ್ಳಿಗಳ ಮಕ್ಕಳು ಅದೇ ದಾರಿ ಹಿಡಿದರು. ಜಯನಗರದ ಡಿಗ್ರಿ ಕಾಲೇಜುಗಳು, ಬನಶಂಕರಿಯ ಇಂಜಿನಿಯರಿಂಗ್ ಕಾಲೇಜುಗಳು, ಬಿಟಿಎಂ ಲೇಔಟಿನ ಪಿಜಿಗಳು. ಅಪ್ಪ ಸಾಲ ಮಾಡಿ ಕಟ್ಟಿದ ಫೀಸು ಬರೀ ಪಾಠಕ್ಕಲ್ಲ. ಬೆಳಿಗ್ಗೆ ಎಬ್ಬಿಸುವ ಬೆಲ್ಲು, ಪಕ್ಕದ ಮಂಚದಲ್ಲಿ ಓದುತ್ತಿರುವ ಗೆಳೆಯ, 'ಹಸುಗೆ ಹುಲ್ಲು ಹಾಕು' ಎಂದು ಯಾರೂ ಕೂಗದ ಎರಡು ಗಂಟೆ, ಇದೆಲ್ಲಾ ಆ ದುಡ್ಡಿನೊಳಗೆ ಸೇರಿತ್ತು.

2020ರ ಮಾರ್ಚ್ 12ರಂದು ಕಲಬುರಗಿಯ ಸಾವು ದೇಶದ ಮೊದಲ ಕೊರೊನಾ ಸಾವೆಂದು ಖಚಿತವಾಯಿತು. ಮರುದಿನ ಮುಖ್ಯಮಂತ್ರಿ ಯಡಿಯೂರಪ್ಪ ಒಂದು ವಾರ ಮಾಲು, ಥಿಯೇಟರು, ಕಾಲೇಜು ಬಂದ್ ಎಂದರು. ಒಂದೇ ವಾರ ತಾನೇ ಎಂದು ಹುಡುಗರು ಎರಡು ಜೊತೆ ಬಟ್ಟೆ ತುಂಬಿಕೊಂಡು ಊರಿನ ಬಸ್ಸು ಹತ್ತಿದರು. ಎಷ್ಟೋ ಜನರ ಪುಸ್ತಕ ಪಿಜಿಯ ಮಂಚದ ಕೆಳಗೇ ಉಳಿಯಿತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್. ಜೂನ್ 6ಕ್ಕೆ ನರಸಿಂಹಯ್ಯನವರು ಹುಟ್ಟಿ ನೂರು ವರ್ಷವಾಯಿತು. ಅವರ ಕಾಲೇಜಿನ ತರಗತಿಗಳೂ ಆಗ ಖಾಲಿಯಾಗಿದ್ದವು.

ದೂರದಿಂದ ಪಾಠ ಹೇಳುವುದು ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಎಂಬ ಉಪಗ್ರಹ ಯೋಜನೆಯಡಿ ದೇಶದ ಸುಮಾರು 2,400 ಹಳ್ಳಿಗಳಿಗೆ ಟೀವಿ ಕಾರ್ಯಕ್ರಮ ಬರುತ್ತಿತ್ತು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆದರೆ ಅಲ್ಲಿ ಊರಿಗೊಂದು ಟೀವಿ, ಗೊತ್ತಾದ ಹೊತ್ತು, ಎಲ್ಲರೂ ಒಟ್ಟಿಗೆ ಕೂತು ನೋಡುವುದು. 2020ರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೊಬೈಲು, ಅದೂ ಇದ್ದವರಿಗೆ. ಹೊತ್ತೂ ಇಲ್ಲ, ಜೊತೆಯೂ ಇಲ್ಲ. ನಮ್ಮ ಲೆಕ್ಕದಲ್ಲಿ ನೆಟ್‌ವರ್ಕಿಗಿಂತ ದೊಡ್ಡ ಕೊರತೆ ಇದೇ. ನೆಟ್‌ವರ್ಕಿನ ಕಷ್ಟವನ್ನಾದರೂ ಪತ್ರಿಕೆಗಳು ಬರೆದವು. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದಾಗ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ನೀವೂ ನೋಡಿರುತ್ತೀರಿ.

ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೂತರೆ ಖಾಲಿ ಕೂತಿದ್ದಾನೆ ಎಂದೇ ಲೆಕ್ಕ. ಕ್ಲಾಸು ಶುರುವಾಗುವ ಹೊತ್ತಿಗೇ ಗೊಬ್ಬರ ಹೊರಬೇಕು, ಹೆಣ್ಣುಮಕ್ಕಳಾದರೆ ರೊಟ್ಟಿ ಬಡಿಯಬೇಕು. ಇದರ ನಡುವೆಯೂ ಓದು ಉಳಿಸಿಕೊಂಡವರು ಮಾಡಿದ್ದು ಹಳೇ ಕೆಲಸವನ್ನೇ. ನಾಲ್ಕೈದು ಜನ ವಾಟ್ಸಾಪ್ ಗುಂಪು ಮಾಡಿಕೊಂಡರು. ಅವತ್ತು ಸಿಗ್ನಲ್ ಸಿಕ್ಕವರು ಪಾಠ ಕೇಳಿ, ಕೈಯಲ್ಲಿ ನೋಟ್ಸು ಬರೆದು, ಫೋಟೊ ತೆಗೆದು ಉಳಿದವರಿಗೆ ಕಳಿಸುವುದು. ವಿಡಿಯೊಗಿಂತ ಫೋಟೊಗೆ ಡೇಟಾ ಕಡಿಮೆ. ಬಂದ ನೋಟ್ಸನ್ನು ಬೆಳಗಿನ ಜಾವ, ಮನೆ ಏಳುವ ಮುಂಚೆ, ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುವುದು. ಜಯನಗರದಲ್ಲಿದ್ದಾಗ ಪರೀಕ್ಷೆಯ ಹಿಂದಿನ ದಿನ ಜೆರಾಕ್ಸ್ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದವರೇ ಇವರು! ಬರೆದಿದ್ದು ತಲೆಗೆ ಹತ್ತುತ್ತದೆ, ಜೆರಾಕ್ಸ್ ಬರೀ ಚೀಲಕ್ಕೆ ಹತ್ತುತ್ತದೆ.

ಅಷ್ಟರಲ್ಲಿ ಜುಲೈನಲ್ಲಿ ಸರ್ಕಾರ, ಕೊನೆಯ ವರ್ಷದವರನ್ನು ಬಿಟ್ಟು ಉಳಿದವರಿಗೆ ಪರೀಕ್ಷೆಯಿಲ್ಲ, ಎಲ್ಲರೂ ಪಾಸು ಎಂದಿತು. ಹಲವರು ಪುಸ್ತಕ ಮುಚ್ಚಿದ್ದು ಆಗಲೇ. ಪರೀಕ್ಷೆಗಾಗಿ ಮಾತ್ರ ಓದುತ್ತಿದ್ದವರನ್ನು ದೂರಿ ಫಲವಿಲ್ಲ, ಕಾಲೇಜುಗಳು ಕಲಿಸಿದ್ದೇ ಹಾಗೆ.

ನವೆಂಬರ್ 17ಕ್ಕೆ ಬಾಗಿಲು ತೆರೆಯಿತು. ಬರಲೇಬೇಕೆಂದಿಲ್ಲ, ಬರುವವರಿಗೆ ಪೋಷಕರ ಒಪ್ಪಿಗೆ ಪತ್ರ ಮತ್ತು ಕೊರೊನಾ ಪರೀಕ್ಷೆ ಕಡ್ಡಾಯ. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ, ಮತ್ತೆ ಬಂದ್. ಆ ವರ್ಷ ಸರ್ಕಾರಿ ಕಾಲೇಜುಗಳ ಮಕ್ಕಳಿಗೆ ಸರ್ಕಾರ ಟ್ಯಾಬ್ ಹಂಚಿತು. ಟ್ಯಾಬ್ ಬಂದ ಮನೆಯಲ್ಲೂ ಗೊಬ್ಬರ ಹೊರುವುದು ತಪ್ಪಲಿಲ್ಲ.

ಜುಲೈ 26ಕ್ಕೆ, ಲಸಿಕೆಯ ಒಂದು ಡೋಸಾದರೂ ಆದವರಿಗೆ, ಡಿಗ್ರಿ ಕಾಲೇಜುಗಳು ಮತ್ತೆ ತೆರೆದವು. ಬಿಟಿಎಂ ಪಿಜಿಗಳಿಗೆ ಮರಳಿದವರಲ್ಲಿ ಕೆಲವರು ಬೆಳಗಿನ ಜಾವದ ಓದು ಬಿಡಲಿಲ್ಲ. ಊರಲ್ಲೇ ಉಳಿದವರೂ ಇದ್ದರು. ಒಬ್ಬ ಗಾರೆ ಕೆಲಸಕ್ಕೆ, ಇನ್ನೊಬ್ಬ ಡೆಲಿವರಿ ಬೈಕಿಗೆ. ಕೆಲವು ಹೆಣ್ಣುಮಕ್ಕಳ ಮದುವೆಯೂ ಅಷ್ಟರಲ್ಲಿ ಮುಗಿದಿತ್ತು.