ಧೀರ ಮಹಿಳೆಯರಿಗೆ ಸರ್ಕಾರದ ಗೌರವ: ಪ್ರಶಸ್ತಿಗಳ ಒಂದು ಪರಿಚಯ

ಮಹಿಳೆಯರ ಹಕ್ಕುಗಳಿಗಾಗಿ ಎದೆಗುಂದದೆ ಹೋರಾಡುವವರನ್ನು ಸರ್ಕಾರಗಳೇ ಗುರುತಿಸಿ ಗೌರವಿಸುವ ಪರಿಪಾಠ ಹಲವು ದೇಶಗಳಲ್ಲಿದೆ. ಅಮೆರಿಕದ ವಿದೇಶಾಂಗ ಇಲಾಖೆಯು 2007ರಲ್ಲಿ 'ಅಂತಾರಾಷ್ಟ್ರೀಯ ಧೀರ ಮಹಿಳೆ' ಪ್ರಶಸ್ತಿಯನ್ನು ಸ್ಥಾಪಿಸಿತು. ಈ ಗೌರವವು 2013ರಲ್ಲಿ ದೆಹಲಿಯ 'ನಿರ್ಭಯಾ'ಗೆ ಮರಣೋತ್ತರವಾಗಿ ಸಂದಿತು. 2014ರಲ್ಲಿ, ಆಸಿಡ್ ಮಾರಾಟದ ನಿಯಂತ್ರಣಕ್ಕಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿದ್ದ, ಆಸಿಡ್ ದಾಳಿಗೆ ತುತ್ತಾಗಿದ್ದ ಲಕ್ಷ್ಮಿ ಅಗರ್ವಾಲ್ ಅವರಿಗೆ ಲಭಿಸಿತು.

ಭಾರತ ಸರ್ಕಾರವು 1999ರಲ್ಲಿ 'ಸ್ತ್ರೀ ಶಕ್ತಿ ಪುರಸ್ಕಾರ'ಗಳನ್ನು ಆರಂಭಿಸಿತು. ಕಣ್ಣಗಿ, ಮಾತಾ ಜೀಜಾಬಾಯಿ, ಅಹಲ್ಯಾಬಾಯಿ ಹೋಳ್ಕರ್, ರಾಣಿ ಲಕ್ಷ್ಮೀಬಾಯಿ ಮೊದಲಾದವರ ಹೆಸರಿನಲ್ಲಿದ್ದ ಈ ಪುರಸ್ಕಾರಗಳು ಮುಂದೆ 'ನಾರಿ ಶಕ್ತಿ ಪುರಸ್ಕಾರ'ಗಳಾದವು. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನಲ್ಲಿ ವ್ಯಕ್ತಿಗಳಿಗೂ ಸಂಸ್ಥೆಗಳಿಗೂ ಪ್ರಶಸ್ತಿ ನೀಡುತ್ತ ಬಂದಿದೆ.

ಉತ್ತರ ಕರ್ನಾಟಕದ ಮಟ್ಟಿಗೆ ಈ ಗೌರವಗಳ ನಿಜವಾದ ಅರ್ಥ ತಿಳಿಯುವುದು ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟದಲ್ಲಿ. ದೇವದಾಸಿ ಪದ್ಧತಿ ಹಾಗೂ ಬಾಲ್ಯವಿವಾಹದ ವಿರುದ್ಧ ದುಡಿದ ಬೆಳಗಾವಿ ಜಿಲ್ಲೆಯ ಶೋಭಾ ಗಸ್ತಿ ಅವರಿಗೆ 2021ನೇ ಸಾಲಿನ ನಾರಿ ಶಕ್ತಿ ಪುರಸ್ಕಾರ ಸಂದಿತು. 2022ರ ಮಾರ್ಚ್ 8ರಂದು ರಾಷ್ಟ್ರಪತಿ ಭವನದಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಪ್ರದಾನ ಮಾಡಿದರು. ಅದೇ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರು ಬಾಲ್ಯದಲ್ಲಿಯೇ ದೇವದಾಸಿಯಾಗಿ ಅರ್ಪಿತರಾದವರು. ಅದರಿಂದ ಹೊರಬಂದು ಮಾಜಿ ದೇವದಾಸಿಯರ ಸಂಘಟನೆಗೆ ದುಡಿದ ಅವರಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು.

ಇವರ ಕೆಲಸಕ್ಕೆ ಧೈರ್ಯವೇ ಬೇಕಿತ್ತೇಕೆ? ಕಾನೂನು ಇದ್ದೂ ಪದ್ಧತಿ ಉಳಿದುದೇ ಅದಕ್ಕೆ ಕಾರಣ. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯು ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿತು. ಅರ್ಪಿತಳಾದ ಮಹಿಳೆಯ ವಿವಾಹವೂ ಸಿಂಧುವೆಂದು ಘೋಷಿಸಿತು. ಅರ್ಪಿಸುವ ತಂದೆತಾಯಿ, ಪೋಷಕರಿಗೆ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ಆದರೆ ದೂರು ಕೊಡಬೇಕಾದವಳು ಮನೆಯವರ ವಿರುದ್ಧವೇ ನಿಲ್ಲಬೇಕಾಗಿತ್ತು. ತಂದೆಯ ಹೆಸರಿಲ್ಲದ ಮಕ್ಕಳ ಪಾಡೂ ಬಗೆಹರಿಯದೆ ಉಳಿಯಿತು. ಈ ಮಕ್ಕಳ ಹಕ್ಕನ್ನೂ ಒಳಗೊಂಡ ಹೊಸ ವಿಧೇಯಕಕ್ಕೆ ರಾಜ್ಯ ಶಾಸಕಾಂಗವು 2025ರಲ್ಲಿ ಒಪ್ಪಿಗೆ ನೀಡಿತು.

ಮಾಜಿ ದೇವದಾಸಿಯರಿರುವ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಆದ್ದರಿಂದ ಗುತ್ತಲ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಓದುಗರಿಗೆ ಇದು ದೂರದ ಸಂಗತಿಯಲ್ಲ. ಸಾಧಕಿಯರ ಹೆಸರನ್ನು ಸರ್ಕಾರಕ್ಕೆ ತಲುಪಿಸುವ ಹೊಣೆ ಊರಿನವರದೂ ಹೌದು. ಹಳ್ಳಿಯಲ್ಲಿ ಒಂಟಿಯಾಗಿ ನಿಂತವಳನ್ನು ಮೊದಲು ಕಾಣುವವರು ನೆರೆಹೊರೆಯವರೇ. ಪ್ರಶಸ್ತಿಯು ಆಕೆಯ ಹೋರಾಟವನ್ನು ಮುಗಿಸದು. ಆದರೆ ಆಕೆಯನ್ನು ಹೀಗಳೆದವರ ಬಾಯಿಯನ್ನು ಅದು ಮುಚ್ಚಿಸಬಲ್ಲುದು.